ಬಾಟ್ಲಕ್ಕನ ಖಾಲಿ ಚೌಕ

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಸಾಮಾನು ತೊಳೆದವಳನ್ನು ಬಾಟ್ಲಕ್ಕ ಅನ್ನದೆ ಇನ್ನೇನು ಅನ್ನುತ್ತಾರೆ? ಹುಡುಗರು ಲೇಬಲ್ ಕಿತ್ತು ಚೇಷ್ಟೆ ಮಾಡಿದರೆ, ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದೇ ಸಲ ಅಲ್ಲಾಡಿಸಿ, "ಇದು ತಾಮ್ರದ್ದು, ಆ ಕಡೆ ಇಡಿ" ಅನ್ನುವವಳು. ಇಷ್ಟೆಲ್ಲ ಗೊತ್ತಿದ್ದೂ ಇನ್ನೂ ತೊಳೆಯುವವಳೇ. ಲ್ಯಾಬ್ ಸಹಾಯಕಿ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕು, ಅದಕ್ಕೆ ಮೂರೇ ಸಲ ಅವಕಾಶ. ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಈ ಸಲವೂ ಹೋಯಿತೆಂದರೆ ನಿವೃತ್ತಿಯವರೆಗೆ ಅದೇ ನಲ್ಲಿ, ಅದೇ ಬ್ರಷ್ಷು, ಅದೇ ಬಿರುಕು ಬಿಟ್ಟ ಕೈ.

ಕೈಕೊಡುತ್ತಿದ್ದದ್ದು ಆವರ್ತ ಕೋಷ್ಟಕ. ಮೂಲವಸ್ತುಗಳನ್ನೆಲ್ಲ ಸಾಲಾಗಿ ಚೌಕಗಳಲ್ಲಿ ಕೂರಿಸಿದ ಆ ದರಿದ್ರದ ಪಟ್ಟಿಯನ್ನು ಅವಳು ಮಗ್ಗಿಯ ಹಾಗೆ ಉರು ಹೊಡೆದಿದ್ದಳು. ಕಳೆದ ಸಲ ನಡುವೆ ಬೋರಾನ್ ಒಂದು ಮರೆತುಹೋಯಿತು. ಅಷ್ಟೇ, ಹಿಂದಿನವರೆಲ್ಲ ಒಂದೊಂದು ಜಾಗ ಮುಂದೆ ಸರಿದರು. ನೀರು ಕಂಡರೆ ಸಿಡಿಯುವ ಸೋಡಿಯಂ ಮಹಾರಾಯ, ಯಾರ ತಂಟೆಗೂ ಹೋಗದ ನಿಯಾನ್‌ನ ಜಾಗದಲ್ಲಿ ಹೋಗಿ ಕೂತ.

"ಉರು ಹೊಡೀಬೇಡಮ್ಮ," ಅಂದರು ಲ್ಯಾಬಿನಲ್ಲಿ ಪಾಠ ಹೇಳುವ ಮೇಷ್ಟ್ರು. "ಮೇಲಿಂದ ಕೆಳಕ್ಕೆ ಒಂದು ಕಂಬಸಾಲಲ್ಲಿ ಇರೋರದ್ದೆಲ್ಲ ಒಂದೇ ಬುದ್ಧಿ. ಅದನ್ನ ಹಿಡ್ಕೊ."

ಒಂದೇ ಬುದ್ಧಿ! ಬಾಟ್ಲಕ್ಕನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಒಂದೇ ಬುದ್ಧಿಯವರು ಅವಳ ಮನೆಯಲ್ಲಿ ಬೇಕಾದಷ್ಟು ಜನ ಇದ್ದರು.

ಹಳೆ ಕ್ಯಾಲೆಂಡರಿನ ಬೆನ್ನಿಗೆ ಚೌಕ ಎಳೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದಳು. ಮೊದಲ ಕಂಬಸಾಲಿನವರಿಗೆ ಹೊರಸುತ್ತಿನಲ್ಲಿ ಒಂದೇ ಒಂದು ಎಲೆಕ್ಟ್ರಾನು. ಅದನ್ನು ಯಾರಿಗಾದರೂ ದಾಟಿಸುವವರೆಗೆ ಜೀವಕ್ಕೆ ಸಮಾಧಾನವಿಲ್ಲ. ಗಂಡನ ಮೂವರು ಅಕ್ಕಂದಿರೇ ಸರಿ! ಮೂವರ ಹೊಟ್ಟೆಯಲ್ಲೂ ಒಂದು ಗುಟ್ಟು ನಿಲ್ಲುವುದಿಲ್ಲ. ಲಿಥಿಯಂ ಕಿರಿಯಕ್ಕ, ಬರೀ ಬುಸುಗುಡುತ್ತಾಳೆ. ಸೋಡಿಯಂ ನಡುವಿನವಳು. ಪೊಟ್ಯಾಸಿಯಂ ದೊಡ್ಡಕ್ಕ, ನೀರು ಸೋಕಿದರೆ ಬೆಂಕಿಯೇ. ಕೆಳಗಿಳಿದಷ್ಟೂ ಸಿಟ್ಟು ಹೆಚ್ಚು, ಲೆಕ್ಕ ಪಕ್ಕಾ. ಆ ತುದಿಯಲ್ಲಿ, ಸದಾ ಒಂದು ಎಲೆಕ್ಟ್ರಾನು ಸಾಲದೆ ಒದ್ದಾಡುವ ಕ್ಲೋರಿನ್ನಿಗೆ ಕೆಳಮಹಡಿಯಾಕೆ. ಒಂದು ಲೋಟ ಸಕ್ಕರೆ ಕೇಳುವ ನೆಪದಲ್ಲಿ ಒಂದು ಸುದ್ದಿ ಎತ್ತಿಕೊಂಡು ಹೋಗುವವಳು. ಅವಳೂ ನಡುವಿನಕ್ಕನೂ ಮೆಟ್ಟಿಲ ಮೇಲೆ ಸಿಕ್ಕರೆ ಉಪ್ಪಾಗಿಬಿಡುತ್ತಿದ್ದರು, ಬಿಡಿಸಲು ಆಗದು. ಕೊನೆಯ ಕಂಬಸಾಲಿನ ನಿಯಾನ್ ಚೌಕದಲ್ಲಿ ಗಂಡ. ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಕೇಳಿದರೆ ಹ್ಞೂಂ ಅನ್ನುವುದೂ ಇಲ್ಲ.

ಒಂದು ಚೌಕ ಮಾತ್ರ ಖಾಲಿ ಉಳಿಯಿತು, ಎಲ್ಲಕ್ಕಿಂತ ಮೊದಲನೆಯದು. ಹೈಡ್ರೋಜನ್ ನೋಡಿದರೆ ಅನಿಲ, ಆದರೆ ಕೂತಿರುವುದು ಲೋಹಗಳ ತಲೆಯ ಮೇಲೆ. ಯಾಕೆ ಅಂತ ಓದಿದ್ದು ಬೆಳಗಾಗುವಷ್ಟರಲ್ಲಿ ಹಾರಿಹೋಗುತ್ತಿತ್ತು. ಅಲ್ಲಿಗೆ ಹೊಂದುವ ನೆಂಟರೂ ಸಿಗಲಿಲ್ಲ.

"ಈ ವಯಸ್ಸಲ್ಲಿ ಓದಿ ಏನು ಕಡಿದು ಕಟ್ಟೆ ಹಾಕ್ತಾಳೋ," ಅಂತ ಅತ್ತೆ ತರಕಾರಿ ಹೆಚ್ಚುತ್ತಾ ಗೊಣಗುತ್ತಿದ್ದರು. ಕನ್ನಡಕ ಮಾತ್ರ ಬಾಗಿಲ ಕಡೆಗೇ ಇತ್ತು.

ಪಟ್ಟಿ ಅಂಟಿಸಿದವಳು ಬಾಯಿಗಾದರೂ ಬೀಗ ಹಾಕಬೇಕಿತ್ತಲ್ಲ? ಇಲ್ಲ. ಖುಷಿ ತಡೆಯಲಾರದೆ ಕಿರಿಯಕ್ಕನ ಕಿವಿಯಲ್ಲಿ ಊದಿದಳು. ಪರೀಕ್ಷೆಗೆ ಎರಡು ದಿನ ಇದೆ ಅನ್ನುವಾಗ ಮೂವರೂ ಒಟ್ಟಿಗೆ ಬಂದು ಬಾಗಿಲ ಹಿಂದೆ ನಿಂತರು.

"ಏನೇ ಇದು? ನಾನು ಬೆಂಕಿಯೇನೇ?" ಅಂತ ದೊಡ್ಡಕ್ಕ ಕೂಗಿದ ಹೊಡೆತಕ್ಕೆ ತಟ್ಟೆಗಳು ಅಲುಗಿದವು. "ಅಮ್ಮಾ, ನಿನ್ನ ಸೊಸೆ ನಮ್ಮನ್ನ ಬಾಗಿಲಿಗೆ ಅಂಟ್ಸಿದ್ದಾಳೆ ನೋಡು! ಕಿತ್ತು ಬಿಸಾಕ್ತೀನಿ ಇದನ್ನ!"

ಬಾಟ್ಲಕ್ಕ ದಡಬಡ ಓಡಿಬಂದಳು. ಎರಡೇ ದಿನದಲ್ಲಿ ಇನ್ನೊಂದು ಬರೆಯುವುದು ಎಲ್ಲಿಂದ ಬಂತು!

ಅತ್ತೆ ಚಾಕು ಕೆಳಗಿಟ್ಟು ಎದ್ದುಬಂದು ಕಾಗದದ ಮುಂದೆ ನಿಂತರು. "ಮುಟ್ಟಿದ್ರೆ ನೋಡು. ಅವಳು ಇದ್ದದ್ದನ್ನೇ ಬರ್ದಿದ್ದಾಳೆ. ಈಗ ನೀನು ಕೂಗಿದ್ದನ್ನ ಬೀದೀಲಿ ಯಾರಿಗಾದ್ರೂ ಕೇಳು, ಪೊಟ್ಯಾಸಿಯಂ ಹೌದೋ ಅಲ್ವೋ ಅಂತ!"

ಅತ್ತೆಯ ಬಾಯಲ್ಲಿ ಪೊಟ್ಯಾಸಿಯಂ! ನಡುವಿನಕ್ಕನಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ದೊಡ್ಡಕ್ಕ ಮೂರು ದಿನ ಮಾತು ಬಿಟ್ಟಳು.

ಪರೀಕ್ಷೆಯ ಬೆಳಗ್ಗೆ ಕೊನೆಯ ಸಲ ನೋಡೋಣವೆಂದು ಬಾಗಿಲು ಸರಿಸಿದರೆ, ಮೊದಲ ಚೌಕದಲ್ಲಿ ನಡುಗುವ ಅಕ್ಷರದಲ್ಲಿ 'ಸೊಸೆ' ಅಂತ ಬರೆದಿತ್ತು.

"ಅತ್ತೆ, ಇದೇನಿದು?"

"ಖಾಲಿ ಇತ್ತು, ತುಂಬಿದೆ," ಅಂದರು ಅತ್ತೆ ತಲೆ ಎತ್ತದೆ. "ಹುಟ್ಟಿದ್ದು ಬೇರೆ ಕಡೆ, ಬಾಯಿ ಮಾತ್ರ ನನ್ನ ಹೆಣ್ಮಕ್ಕಳದೇ. ನಿನ್ನ ಹೊಟ್ಟೇಲಿ ಯಾವತ್ತು ಮಾತು ನಿಂತಿದೆ ಹೇಳು? ಹೋಗು, ಬಸ್ಸು ತಪ್ಪುತ್ತೆ."

ಬರಹದ ಪರೀಕ್ಷೆಯಲ್ಲಿ ಚೌಕದವರು ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಬಾಯಿಪರೀಕ್ಷೆಯಲ್ಲಿ ಇಬ್ಬರು ಸಾಹೇಬರು. ದಪ್ಪ ಕನ್ನಡಕದವರು ಪೆನ್ನು ಅಲ್ಲಾಡಿಸುತ್ತಾ ಕೇಳಿದರು: "ಹೈಡ್ರೋಜನ್ ಲೋಹ ಅಲ್ಲ. ಮತ್ತೆ ಅದನ್ನ ಸೋಡಿಯಂ, ಪೊಟ್ಯಾಸಿಯಂ ಮೇಲೆ ಯಾಕಮ್ಮ ಕೂರಿಸಿದ್ದಾರೆ?"

ಬಾಟ್ಲಕ್ಕನಿಗೆ ಫಕ್ಕನೆ ನಗು ಬಂತು. ಕಣ್ಣೂ ತುಂಬಿತು. "ಅದು ಆ ಮನೇಲಿ ಹುಟ್ಟಿದ್ದಲ್ಲ ಸರ್, ಅನಿಲ. ಆದ್ರೆ ಅವರ ಹಾಗೇ ಹೊರಗಡೆ ಇರೋದು ಒಂದೇ ಎಲೆಕ್ಟ್ರಾನು. ಅದಕ್ಕೆ ಅದೇ ಸಾಲು. ಎಲ್ಲರಿಗಿಂತ ಹಗುರ, ನಂಬರು ಒಂದು, ಅದಕ್ಕೆ ಎಲ್ಲರಿಗಿಂತ ಮೇಲೆ."

"ಯಾರು ಹೇಳಿಕೊಟ್ಟಿದ್ದು?"

"ನಮ್ಮತ್ತೆ ಸರ್."

"ಅವರು ಎಲ್ಲಿ ಪ್ರೊಫೆಸರು?"

"ಅಡುಗೆಮನೇಲಿ ಸರ್."

ಸಂಜೆ ಬೋರ್ಡಿನಲ್ಲಿ ಹೆಸರು ಬಂತು, ಪಾಸು! ಬಸ್ಸಿನುದ್ದಕ್ಕೂ ಬಾಟ್ಲಕ್ಕ ತುಟಿ ಕಚ್ಚಿಕೊಂಡೇ ಕೂತಳು. ಈ ಮಾತು ಮೊದಲು ಅತ್ತೆಗೇ, ಇನ್ನೊಂದು ನರಪಿಳ್ಳೆಗೂ ಇಲ್ಲ ಅಂತ ಆಣೆ ಹಾಕಿಕೊಂಡಿದ್ದಳು. ಹಾಳಾದ ಮೆಟ್ಟಿಲ ಹತ್ತಿರ ಕೆಳಮಹಡಿಯಾಕೆ ಲೋಟ ಹಿಡಿದು ನಿಂತಿದ್ದಳು. "ಏನಾಯ್ತು?" ಅಂತ ಅವಳಿನ್ನೂ ಪೂರ್ತಿ ಕೇಳಿಯೇ ಇರಲಿಲ್ಲ.

ಬಾಟ್ಲಕ್ಕ ಮಹಡಿ ಹತ್ತುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಹತ್ತಿತ್ತು. ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಒಂದು ಮಹಡಿ, ಹದಿನಾರು ಮೆಟ್ಟಿಲು," ಅಂದರು. "ಅಷ್ಟು ಹೊತ್ತೂ ಇಟ್ಕೊಳ್ಳೋಕೆ ಆಗ್ಲಿಲ್ವೇನೇ?" ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆಯ ಒರಟು ಕೈ ಹಿಡಿದು ಒಳಗೆ ಎಳೆದುಕೊಂಡರು.