ಒಂಬತ್ತು ಸಲ ಅತ್ತೆ

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಟೀವಿ ಧಾರಾವಾಹಿಗಳಲ್ಲಿ ಪಾತ್ರ ಮಾಡುತ್ತಿದ್ದರು. ನನ್ನ ಡೈರಿಯ ಲೆಕ್ಕದಲ್ಲಿ ಹನ್ನೊಂದು ಸಲ ಟೀವಿಯಲ್ಲಿ ಬಂದರು. ಅದರಲ್ಲಿ ಒಂಬತ್ತು ಸಲ ಸೊಸೆಯನ್ನು ಗೋಳಾಡಿಸುವ ಅತ್ತೆ. ಯಾರಾದರೂ ಹೊಗಳಿದರೆ ಸೆರಗಿನಿಂದ ಮುಖ ಒರೆಸಿಕೊಂಡು, "ನನ್ ಪಾರ್ಟು ಚಿಕ್ಕದು ಕಣ್ರೀ, ಬೈಗುಳ ಮಾತ್ರ ಉದ್ದ" ಎನ್ನುತ್ತಿದ್ದರು.

೧೯೮೭ರಲ್ಲಿ ಅವರ ಮಗನಿಗೆ ಹೆಣ್ಣು ನೋಡಲು ತಿ. ನರಸೀಪುರಕ್ಕೆ ನಾನೂ ಜೊತೆಗೆ ಹೋಗಿದ್ದೆ. ಹುಡುಗಿಯ ಅಜ್ಜಿ ಇವರನ್ನು ಕಂಡದ್ದೇ ತಡ, "ಅಯ್ಯೋ, ಟೀವೀಲಿ ಸೊಸೇನ ಉಪಾಸ ಕೆಡವಿದೋಳು ಇವ್ಳೇ! ಈ ಮನೇಗೆ ನಮ್ ಕೂಸ್ನ ಕೊಡಾಕಿಲ್ಲ" ಎಂದರು.

ಇವರು ತಮಗೆ ಕೊಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಹುಡುಗಿಯ ಕೈಗಿಟ್ಟು, "ಮೊದಲು ನೀನು ತಿನ್ನಮ್ಮ" ಎಂದರು.

"ಇದೂ ನಾಟ್ಕವಾ?" ಅಜ್ಜಿ ಕೇಳಿದರು.

ಹುಡುಗಿ ತಿನ್ನುತ್ತಲೇ ಹೇಳಿದಳು: "ನಾಟ್ಕಾನೇ ಆಗ್ಲಿ ಬುಡಜ್ಜಿ. ಬೆಳಗ್ಗಿಂದ ನಂಗೆ ತಿನ್ನು ಅಂದೋರು ಇವ್ರೊಬ್ರೇ."