ಕಾಫಿ ಶೆಡ್ಡಿನ ಚಾಪೆಯ ಮೇಲೆ ಚಲುವಮ್ಮ ಕಟ್ಟಿದ ಫುಟ್‌ಬಾಲ್ ಟೀಮು

ಚಲುವಮ್ಮ ಯಾರ ಮನೆಗೆ ಹೋದರೂ ಮೊದಲು ಆ ಮನೆಯ ಗಂಡಸರ ಕಾಲಿನ ವಿಚಾರ ಕೇಳುತ್ತಿದ್ದಳು. ಮೊಣಕಾಲು ನೋಯುತ್ತದಾ, ಕಿತ್ತುಹೋಗಿದ್ದ ಹೆಬ್ಬೆರಳ ಉಗುರು ಮತ್ತೆ ಬಂತಾ, ಮಲಗಿದಾಗ ಮೀನಖಂಡ ಹಿಡಿದುಕೊಳ್ಳುತ್ತದಾ ಎಂದು. ಗೊತ್ತಿಲ್ಲದವರು ಇವಳು ನಾಟಿ ಮದ್ದು ಕೊಡುವವಳಿರಬೇಕು ಎಂದುಕೊಂಡು ಇದ್ದುದನ್ನೆಲ್ಲ ಹೇಳಿಬಿಡುತ್ತಿದ್ದರು. ಗೊತ್ತಿದ್ದವರು ಸುಳ್ಳು ಹೇಳುತ್ತಿದ್ದರು. ಅವಳು ಫುಟ್‌ಬಾಲ್ ಟೀಮು ಕಟ್ಟುತ್ತಿದ್ದಾಳೆಂದು ಅವರಿಗೆ ತಿಳಿದಿತ್ತು.

ಆ ಟೀಮು ಯಾವ ಮೈದಾನಕ್ಕೂ ಇಳಿಯುವಂಥದಲ್ಲ. ಅಮ್ಮತ್ತಿಯ ಕಾಫಿ ಶೆಡ್ಡಿನಲ್ಲಿ ನಾವು ಹೆಂಗಸರು ಬೀಜ ಹೆಕ್ಕುತ್ತ ಕೂರುತ್ತಿದ್ದ ಚಾಪೆಯ ಮೇಲೆ, ಬಾಯಲ್ಲಷ್ಟೇ ಇದ್ದ ಟೀಮು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದ ಕಾಲ. ಚಲುವಮ್ಮನ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡವರು. ಅವಳನ್ನು ಹೊಳೆತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯಲ್ಲಿ ಕೆಲಸಕ್ಕಿದ್ದ ಸಣ್ಣಸ್ವಾಮಿಗೆ ಕೊಟ್ಟಿದ್ದರು. ಕಾಫಿ ಗಿಡವನ್ನು ಅವಳು ಮೊದಲು ನೋಡಿದ್ದೇ ಮದುವೆಯಾಗಿ ಬಂದ ಮೇಲೆ. ಹೂವು ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದಲ್ಲ, ಹಣ್ಣಿಗೆ ಆ ವಾಸನೆ ಯಾಕಿಲ್ಲ ಎಂದು ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ, ಉತ್ತರ ಗೊತ್ತಿಲ್ಲದ ಅವರಿಂದ ಬೈಸಿಕೊಂಡವಳು. ತೋಟದ ಆಳುಗಳ ಸಾಲುಮನೆ, ನಾವು ಲೈನು ಎನ್ನುವುದು, ಅದರಲ್ಲಿ ಅವಳ ಮನೆಯ ಗೋಡೆಗೆ ನಮ್ಮ ಮನೆಯ ಗೋಡೆ. ನಾನು ಸಂಜೆ ದೀಪ ಹಚ್ಚಿ ಕೈಮುಗಿಯುವಾಗಲೂ ಬಾಗಿಲಲ್ಲಿ ನಿಂತು, ಮುಗಿಯುವ ತನಕ ತಾಳ್ಮೆಯಿಂದ ಕಾದು, “ಅಕ್ಕಾ, ದೇವರ ಹತ್ರ ಈಗ ಏನು ಕೇಳಿದ್ರಿ?” ಎನ್ನುತ್ತಿದ್ದಳು. ನನಗೆ ಅದರಿಂದ ಬೇಸರವಾದದ್ದಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳುವವರು ಕಡಿಮೆ.

ಕುಯಿಲು ಮುಗಿದು ಮೊದಲ ಮಳೆ ಬಿದ್ದ ಮೇಲೆ, ಖಾಲಿ ಗದ್ದೆಯಲ್ಲಿ ತೋಟ ತೋಟಗಳ ನಡುವೆ ಫುಟ್‌ಬಾಲ್ ನಡೆಯುತ್ತಿತ್ತು. ಒಂದು ಕಡೆಗೆ ಏಳು ಜನ. ಐದು ತೋಟದವರು ಸೇರುತ್ತಿದ್ದರು. ಭಾನುವಾರ ಗಂಡಸರು ಆಡುತ್ತಿದ್ದರು, ಸೋಮವಾರ ಅದರ ಮಾತು ಪೂರ್ತಿ ನಮ್ಮ ಶೆಡ್ಡಿನಲ್ಲಿ. ಒಂದು ವರ್ಷ ಹಾಗೆ ಮಾತಾಡುತ್ತಿದ್ದಾಗ ಚಲುವಮ್ಮ ಕೈ ನಿಲ್ಲಿಸಿ ಹೇಳಿದಳು, “ಅಲ್ಲ ಕಣವ್ವ, ಬೀಜ ಐದೂ ತೋಟದ್ದು ನಮ್ಮ ಮುಂದೆ ಬಂದು ಬೀಳ್ತದೆ, ಒಳ್ಳೇದು ಯಾವುದು ಅಂತ ನಾವೇ ಹೆಕ್ತೀವಿ. ಆಟಗಾರರನ್ನೂ ಹಂಗೇ ಹೆಕ್ಕಿದ್ರೆ?”

ಆಟ ಶುರುವಾದದ್ದು ಹಾಗೆ. ಹೆಕ್ಕುವವರು ನಾಲ್ವರು. ಚಾಪೆಗೆ ಹಿರಿಯಳಾದ ಬೋಜಮ್ಮ, ಅವಳ ನಾದಿನಿ ಪೂವಮ್ಮ, ಬಾಯಿಗೆ ಬೀಗವಿಲ್ಲದ ಮಾದಿ, ಮತ್ತೆ ಚಲುವಮ್ಮ. ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿ ಏಳು ಜನರನ್ನು ಹಿಡಿಯಬೇಕು. ಅದರಲ್ಲಿ ಒಬ್ಬ ಗೋಲಿ, ಎಂದರೆ ಗೋಲು ಕಾಯುವವನು, ಇರಲೇಬೇಕು. ತೋಟದ ಹೆಸರು, ಆಳಿನ ಹೆಸರು ಎರಡನ್ನೂ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದರೆ ನಿನ್ನವನು, ಇಲ್ಲವಾದರೆ ಇಲ್ಲ. ಹಿಡಿದವನು ಭಾನುವಾರ ಗೋಲು ಹೊಡೆದರೆ ಒಂದು ಪೀಬೆರಿ, ಆ ದುಂಡನೆಯ ಒಂಟಿ ಬೀಜ. ಗೋಲಿ ಬಾಲು ತಡೆದರೆ ಒಂದು ಚಪ್ಪಟೆ ಬೀಜ, ಬಿಟ್ಟರೆ ಲೆಕ್ಕದಲ್ಲಿ ಒಂದು ಕಳೆಯುವ ಕರಿ ಬೀಜ. ಬೀಜ ಇಡುವ ಕೆಲಸ ನನ್ನದು. ಆಟ ಮುಗಿದ ಮೇಲೆ ಅಷ್ಟನ್ನೂ ಗುಡ್ಡೆಗೆ ಹಿಂದಕ್ಕೆ ಹಾಕುತ್ತಿದ್ದೆ. ಇನ್ನೊಬ್ಬರ ಬೀಜ, ಒಂದಾದರೂ ಸೆರಗಿನಲ್ಲಿ ಉಳಿಯಬಾರದು.

ಗಂಡಸರು ನಕ್ಕರು. ನಕ್ಕವರೇ ಸಂಜೆ ಹೆಂಡತಿಯರ ಹತ್ತಿರ, “ನನ್ನನ್ನು ಯಾರು ತಗೊಂಡರು?” ಎಂದು ಮೆಲ್ಲಗೆ ಕೇಳುತ್ತಿದ್ದರು.

ಒಂದು ತೊಡಕು ಮಾತ್ರ ಇತ್ತು. ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ. ಇದು ನಮ್ಮ ಆಟದ ನಿಯಮವಲ್ಲ, ನಾವು ಹುಟ್ಟುವ ಮೊದಲಿನದು. ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಎಲ್ಲರ ಮನೆಯಲ್ಲೂ ಹೇಳಿಕೊಟ್ಟಿದ್ದರು. ಅದರಿಂದ ಪೂವಮ್ಮನ ಗಂಡನನ್ನು ಮಾದಿ ಹಿಡಿಯಬೇಕು, ಮಾದಿಯ ಗಂಡನನ್ನು ಇನ್ನೊಬ್ಬರು. ತನ್ನವನು ಯಾರ ಪಾಲಾಗುತ್ತಾನೋ ಎಂದು ಹೆಂಡತಿ ಬಾಯಿ ಮುಚ್ಚಿಕೊಂಡು ನೋಡುತ್ತಿರಬೇಕು. ನಗುವುದಕ್ಕೆ ಅದೂ ಒಂದು ದಾರಿಯಾಗಿತ್ತು.

ಸಣ್ಣಸ್ವಾಮಿ ಹೊಳೆತೋಟದ ಗೋಲಿ. ನಾನು ಈಗ ಹೇಳುವ ವರ್ಷಕ್ಕೆ ಹಿಂದಿನ ವರ್ಷ ಮೆಲ್ಲಗೆ ಉರುಳಿ ಬಂದ ಒಂದು ಬಾಲು ಅವನ ಎರಡು ಕಾಲಿನ ನಡುವೆಯೇ ಒಳಗೆ ಹೋಗಿ, ತೋಟ ಸೋತಿತ್ತು. “ತೂತು ಗೋಣಿ!” ಎಂದು ಬದುವಿನ ಮೇಲಿಂದ ಕೂಗಿದವಳು ಮಾದಿ. ಆ ಹೆಸರು ಮಳೆಗಾಲ ಪೂರ್ತಿ ಅವನ ಹಿಂದೆ ಬಂತು. ಲಾರಿಗೆ ಮೂಟೆ ಹೊರುವವರೂ ಅವನನ್ನು ಕಂಡರೆ ಗೋಣಿ ತೋರಿಸಿ ನಗುತ್ತಿದ್ದರು. ಅವನು ಆಟ ಬಿಟ್ಟ. ಈ ವರ್ಷ ಅವನ ಬದಲಿಗೆ ಗೊತ್ತು ಮಾಡಿದ್ದ ಗೋಲಿ ವಯನಾಡಿಗೆ ಹೋದದ್ದರಿಂದ ತೋಟದವರು ಮತ್ತೆ ಅವನನ್ನೇ ಕರೆದರು.

“ಆಟ ಬಿಟ್ಟ ಮೇಲೆ ಮಾತೂ ಬಿಟ್ಟವ್ರೆ ಅಕ್ಕಾ,” ಎಂದಳು ಚಲುವಮ್ಮ ನನ್ನ ಹತ್ತಿರ. “ಸಾರು ಚೆನ್ನಾಗಿದೆ ಅಂತಿಲ್ಲ, ಕೆಟ್ಟದ್ದು ಅಂತಿಲ್ಲ. ಈಗ ಕರೆದದ್ದಕ್ಕೆ ಹೂಂ ಅಂದವ್ರೆ. ಆದ್ರೆ ಒಂದು ಮಾತು ಹೇಳವ್ರೆ. ನಿಮ್ಮ ಚಾಪೆ ಮೇಲೆ ನಾನೊಬ್ಬನೇ ಉಳಿದುಬಿಟ್ಟರೆ ಭಾನುವಾರ ಇಳಿಯಲ್ಲ, ಇನ್ನು ಯಾವತ್ತೂ ಇಳಿಯಲ್ಲ ಅಂತ.”

ಗೋಲಿಗಳು ಐವರು, ಹೆಕ್ಕುವವರು ನಾಲ್ವರು. ಯಾರಾದರೂ ಒಬ್ಬ ಉಳಿಯಲೇಬೇಕು.

ಆ ವರ್ಷ ಅವಳು ನಡೆಸಿದ ತಯಾರಿಯನ್ನು ನಾನು ಪಕ್ಕದಲ್ಲೇ ಇದ್ದು ನೋಡಿದೆ. ಸಂತೆಯ ದಿನ ನನ್ನನ್ನೂ ಎಳೆದುಕೊಂಡು ಪೂವಮ್ಮನ ಮನೆಗೆ ಹೋದಳು.

“ನಿಮ್ಮೋರ ಮೊಣಕಾಲು ಹೆಂಗದೆ?”

“ಕಲ್ಲು ಇದ್ದ ಹಾಗೆ ಇದೆ,” ಎಂದಳು ಪೂವಮ್ಮ.

ಹೊರಗೆ ಬಂದ ಮೇಲೆ ಚಲುವಮ್ಮ ನನ್ನ ಕೈ ಹಿಂಡಿದಳು. “ಒಲೆ ಮೇಲೆ ಲಕ್ಕಿ ಸೊಪ್ಪು ಕುದೀತಿತ್ತು, ಮೂಗಿಗೆ ಬಡೀಲಿಲ್ವಾ? ಕಲ್ಲಿಗೆ ಯಾರಾದ್ರೂ ಶಾಖ ಕೊಡ್ತಾರಾ?”

ಕುಟ್ಟದ ಕಡೆಯಿಂದ ಬಂದು ಮೇಲಿನ ತೋಟದಲ್ಲಿದ್ದ ಮುತ್ತ ಬರಿಗಾಲಿನಲ್ಲಿ ಗಾಳಿಯ ಹಾಗೆ ಓಡುವವನು. ಈ ಸಲ ಅವನ ತೋಟದ ದೊರೆ ಎಲ್ಲರಿಗೂ ಬೂಟು ತರಿಸಿದ್ದಾರೆ, ಬೂಟು ಹಾಕಿದ ಮುತ್ತ ಬಾತುಕೋಳಿಯ ಹಾಗೆ ನಡೆಯುತ್ತಾನೆ ಎಂದು ಸುದ್ದಿ. ಸಂತೆಯಲ್ಲಿ ಒಣಮೀನಿನ ಅಂಗಡಿಯ ಮುಂದೆ ಚಲುವಮ್ಮ ಅವನನ್ನೇ ನಿಲ್ಲಿಸಿ ಕೇಳಿದಳು.

“ಬೂಟು ಹಾಕ್ತೀಯಾ ಮುತ್ತ?”

“ಹಾಕದೆ? ದೊರೆ ಕೊಟ್ಟದ್ದಲ್ಲವಾ.”

“ಹಾಕ್ಕೊಂಡು ಆಡ್ತೀಯಾ?”

ಅವನು ಅತ್ತಿತ್ತ ನೋಡಿದ. “ಫೋಟೋ ಹಿಡಿಯುವ ತನಕ ಹಾಕುವುದು. ಆಮೇಲೆ ಬೇಲಿಗೆ ನೇತು ಹಾಕುವುದು.”

ಸಂಜೆ ಲೈನಿನ ಹಿಂದೆ ಅವಳೇ ಗಂಡನಿಗೆ ಬಾಲು ಎಸೆಯುತ್ತಿದ್ದಳು. ನಾನು ಬಟ್ಟೆ ತೆಗೆಯುತ್ತ ನೋಡುತ್ತಿದ್ದೆ. ಅವನು ಹತ್ತರಲ್ಲಿ ಎಂಟನ್ನು ಹಿಡಿಯುತ್ತಿದ್ದ. ಬಿಟ್ಟ ಎರಡನ್ನು ಹುಡುಕಿ ತರುವಾಗ ಮುಖ ಇಷ್ಟು ಸಣ್ಣದಾಗುತ್ತಿತ್ತು.

ಶುಕ್ರವಾರ ನಾನು ದೀಪ ಹಚ್ಚಿ ಮುಗಿಸುವ ತನಕ ಕಾದು ಕೂತಳು. ಆ ದಿನದ ಪ್ರಶ್ನೆ ಬೇರೆ ಇತ್ತು. “ಅಕ್ಕಾ, ಹೆಸರು ಹೇಳಿದ್ರೆ ನಿಜವಾಗ್ಲೂ ಆಯುಸ್ಸು ಕಮ್ಮಿಯಾಗ್ತದಾ?”

ದೇವರ ಮುಂದೆ ಕೂತು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಾರೆ. “ನನ್ನ ಅಜ್ಜಿ ಒಂದು ದಿನವೂ ಹೇಳಿದವಳಲ್ಲ. ಆದರೂ ಅಜ್ಜ ತಲೆ ನರೆಯುವ ಮೊದಲೇ ಹೋದರು. ಅದಕ್ಕಿಂತ ಹೆಚ್ಚು ನನಗೆ ತಿಳಿಯದು ಚಲುವಿ,” ಎಂದೆ.

ಅವಳು ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಎದ್ದು ಹೋದಳು.

ಶನಿವಾರ ಮಧ್ಯಾಹ್ನ, ಉಂಡು ಕೈತೊಳೆದ ಮೇಲೆ ಹೆಕ್ಕುವುದಕ್ಕೆ ಕೂತೆವು. ಮುಚ್ಚಿದ ಮುಷ್ಟಿಗಳಲ್ಲಿ ಪೀಬೆರಿ ಹುಡುಕಿ ಸರದಿ ಗೊತ್ತು ಮಾಡಿದರೆ, ಚಲುವಮ್ಮನದು ಕೊನೆಗೆ ಬಂತು. ಅವಳು ಮೊದಲಿಗೇ “ಮೇಲಿನ ತೋಟದ ಮುತ್ತ” ಎಂದಾಗ ಪೂವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬೂಟಿನ ಬಾತುಕೋಳಿಯಾ? ಮೊಟ್ಟೆ ಇಟ್ಟರೆ ನಮಗೂ ಕೊಡು!” ಚಲುವಮ್ಮ ಬೇಲಿಯ ಗುಟ್ಟು ಬಿಟ್ಟುಕೊಡಲಿಲ್ಲ. ಪೂವಮ್ಮನ ಗಂಡನನ್ನು ಬೋಜಮ್ಮ ಹಿಡಿದಳು. ಲಕ್ಕಿ ಸೊಪ್ಪಿನ ವಿಷಯ ನಮ್ಮಿಬ್ಬರಲ್ಲೇ ಉಳಿಯಿತು. ಒಂದೊಂದೇ ಹೆಸರು ಹೋಗುತ್ತ, ಬೋಜಮ್ಮನೂ ಪೂವಮ್ಮನೂ ಗೋಲಿಗಳನ್ನು ಹಿಡಿದಾಯಿತು. ಮೂವರು ಉಳಿದರು. ಮಾದಿಯ ಸರದಿ.

ಚಲುವಮ್ಮ ಅವಳ ಕಡೆಗೆ ಜರುಗಿದಳು. “ಮಾದಿ, ಮುತ್ತನ್ನ ನಿನಗೇ ಕೊಟ್ಟುಬಿಡ್ತೀನಿ. ನೀನು ಹೊಳೆತೋಟದ ಗೋಲೀನ ತಗೊ.”

“ಯಾವ ಗೋಲಿ?”

“ನಿಂಗೊತ್ತಲ್ಲ.”

“ನನಗೆಂತ ಗೊತ್ತು? ಹೆಸರು ಹೇಳು. ತೂತು ಗೋಣಿ ಅಂತ ಒಬ್ಬ ಇದ್ದ, ಅವನಾ?”

ಎಲ್ಲರೂ ನಕ್ಕರು. ಚಲುವಮ್ಮ ನಗಲಿಲ್ಲ. ಮಾದಿ ನಗುತ್ತಲೇ ಬೇರೊಬ್ಬನನ್ನು ಹಿಡಿದಳು.

ಈಗ ಉಳಿದವರು ಇಬ್ಬರು. ಒಬ್ಬ ಮೇಲಿನ ತೋಟದ ಬೊಳ್ಳಪ್ಪ. ಉದ್ದ ಕೈಯವನು, ಹಿಂದಿನ ವರ್ಷ ಗೋಲು ಬಿಟ್ಟದ್ದೇ ಅಪರೂಪ. ಅವನನ್ನು ಯಾಕೆ ಯಾರೂ ಹಿಡಿಯಲಿಲ್ಲ ಎಂದು ನನಗೆ ಆಶ್ಚರ್ಯವಾಗಿತ್ತು. ಈಗ ಅರ್ಥವಾಯಿತು. ಕೊನೆಯವಳಿಗೆ ಒಬ್ಬ ಒಳ್ಳೆಯವನು ಇರಲಿ ಎಂದು ಬೋಜಮ್ಮ ತಾನೂ ಬಿಟ್ಟು, ಉಳಿದಿಬ್ಬರಿಗೂ ಕಣ್ಸನ್ನೆ ಮಾಡಿ ಬಿಡಿಸಿದ್ದಳು. ಬೊಳ್ಳಪ್ಪ ಎಂದರೆ ಮುಗಿಯಿತು. ಚಲುವಮ್ಮನಿಗೆ ಅದು ಎಷ್ಟು ಸುಲಭವಾದ ಹೆಸರು.

ಅವಳು ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ, “ಹೊಳೆತೋಟದ ಗೋಲಿ,” ಎಂದಳು.

“ಅಷ್ಟು ಸಾಕು ಗೂಡೆ. ಎಲ್ಲರಿಗೂ ಗೊತ್ತಾಯಿತು,” ಎಂದಳು ಬೋಜಮ್ಮ. ನಮ್ಮ ಊರಿನ ಕಡೆ ಮಗಳ ಸಮಾನದವರನ್ನು ಗೂಡೆ ಎಂದೇ ಕರೆಯುವುದು.

“ಹೇಗೆ ಸಾಕು?” ಮಾದಿ ಬಿಡಲಿಲ್ಲ. “ನಾವೆಲ್ಲ ಹೆಸರು ಹೇಳಿಯೇ ಹಿಡಿದದ್ದು. ಯಾರೂ ಮುಟ್ಟದವನನ್ನು ಹೆಂಡತಿ ಪಾಪ ಅಂತ ಸೆರಗಲ್ಲಿ ಕಟ್ಟಿಕೊಂಡು ಹೋದಳು ಅಂತ ಸಂಜೆಗೆ ಲೈನೆಲ್ಲ ಹೇಳುತ್ತಾರೆ, ನೋಡು.”

ಮಾದಿ ಹೇಳಿದ್ದು ಕುಹಕ. ಆದರೆ ಸುಳ್ಳಲ್ಲ. ಚಲುವಮ್ಮನಿಗೂ ಅದು ತಿಳಿಯಿತೆಂದು ಕಾಣುತ್ತದೆ. ಅವಳು ತಲೆ ಎತ್ತಿ, ಕೊರಳ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಶೆಡ್ಡಿನ ಆ ಕೊನೆಯ ಚಾಪೆಯವರಿಗೂ ಕೇಳುವಂತೆ ಹೇಳಿದಳು.

“ಹೊಳೆತೋಟದ ಸಣ್ಣಸ್ವಾಮಿ.”

ಆಚೆ ಚಾಪೆಯವರೂ ಇತ್ತ ತಿರುಗಿದರು. ಪೂವಮ್ಮ ಬಾಯಿಗೆ ಕೈ ಇಟ್ಟಳು. ಬೋಜಮ್ಮ ತನ್ನ ತಾಳಿಯನ್ನು ಕಣ್ಣಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಮೇಸ್ತ್ರಿ ಕೆಲಸಕ್ಕೆ ಸೀಟಿ ಊದಿದ್ದು ಒಳ್ಳೆಯದಾಯಿತು. ನಾನು ಮನಸ್ಸಿನಲ್ಲೇ, ಸ್ವಾಮೀ, ಇವಳು ಹೇಳಿದ್ದು ಸೊಕ್ಕಿನಿಂದಲ್ಲ ಎಂದು ಕೇಳಿಕೊಂಡೆ.

ಸುದ್ದಿ ಅವಳಿಗಿಂತ ಮೊದಲೇ ಲೈನು ಮುಟ್ಟಿತ್ತು. ಬೆಳಿಗ್ಗೆ ನೀರಿಗೆ ಬಂದವಳನ್ನು ಏನಾಯಿತೆಂದು ಕೇಳಿದೆ.

“ಏನೂ ಅನ್ನಲಿಲ್ಲ. ಎರಡನೇ ಸಲ ಸಾರು ಹಾಕಿಸಿಕೊಂಡ್ರು. ಬೊಳ್ಳಪ್ಪ ಇದ್ದನಾ ಇನ್ನೂ ಅಂದ್ರು. ಇದ್ದ ಅಂದೆ. ಅಷ್ಟೇ.”

ಭಾನುವಾರ ಹೊಳೆತೋಟಕ್ಕೂ ಮೇಲಿನ ತೋಟಕ್ಕೂ ಆಟ. ಎಂದರೆ ಅವಳು ಹಿಡಿದ ಮುತ್ತ, ಅವಳು ಹಿಡಿದ ಗೋಲಿಗೇ ಎದುರು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಬೂಟು ಬೇಲಿಯ ಮೇಲೆ ನೇತಾಡುತ್ತಿತ್ತು. ಬರಿಗಾಲಿನ ಮುತ್ತ ಬೇಗನೆ ಒಂದು ಗೋಲು ಹೊಡೆದ. ಪೂವಮ್ಮ ಹಣೆ ಬಡಿದುಕೊಂಡಳು. ಚಲುವಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯದ ಮುಖ. ಆಮೇಲೆ ಸಣ್ಣಸ್ವಾಮಿ ಎರಡು ಬಾಲು ತಡೆದ. ಮಳೆಯ ನೀರು ನಿಂತಿದ್ದ ಗದ್ದೆ ಜಾರುತ್ತಿತ್ತು. ಮುತ್ತ ಮತ್ತೆ ನುಗ್ಗಿ ಬಂದಾಗ ಸಣ್ಣಸ್ವಾಮಿ ಅವನ ಕಾಲಿಗೇ ಹಾರಿದ. ಮೊಣಕಾಲು ತಲೆಗೆ ಬಡಿದ ಸದ್ದು ಬದುವಿನ ಮೇಲಿದ್ದ ನಮಗೂ ಕೇಳಿಸಿತು.

ಕೆಸರಿನಲ್ಲಿ ಕವುಚಿ ಬಿದ್ದ ಸಣ್ಣಸ್ವಾಮಿ ಅಲುಗಾಡಲಿಲ್ಲ.

ಬದುವಿನ ಮೇಲಿದ್ದ ಹೆಂಗಸರು ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರೂ ಚಲುವಮ್ಮನನ್ನು ನೋಡುತ್ತಿದ್ದರು. ಅವಳು ನನ್ನ ತೋಳನ್ನು ಹಿಡಿದ ಹಿಡಿತ ನೆನೆದರೆ ಇಂದಿಗೂ ನೋಯುತ್ತದೆ. “ನಾನೇ ಅಕ್ಕಾ, ನಾನೇ,” ಎಂದಳು. ಮೊದಲು ಬದುವಿನಿಂದ ಇಳಿದು ಓಡಿದವಳು ಮಾದಿ. ಅವಳ ಹಿಂದೆ ನಾವು.

ನಾವು ಹತ್ತಿರ ಹೋಗುವಷ್ಟರಲ್ಲಿ ಅವನು ತಲೆ ಎತ್ತಿದ. ಬಾಯಿಯ ಕೆಸರು ಉಗಿದು, ಮೇಲೆ ಬಾಗಿದ್ದ ರೆಫರಿಯನ್ನು ಕೇಳಿದ, “ಒಳಗೆ ಹೋಯಿತಾ?”

“ಎಲ್ಲಿಗೆ ಹೋಗುತ್ತದೆ? ನಿನ್ನ ಹೊಟ್ಟೆಯ ಅಡಿಯಲ್ಲಿದೆ,” ಎಂದರು ರೆಫರಿ.

ಹೊಳೆತೋಟ ಆ ದಿನ ಸೋತಿತು. ಸೋಮವಾರ ನಾನು ಬೀಜ ಇಡುವಾಗ, “ಆ ಹಾರಿದ್ದಕ್ಕೆ ಎರಡು ಚಪ್ಪಟೆ ಬೀಜ ಇಡಿ ಅಕ್ಕಾ,” ಎಂದವಳು ಮಾದಿಯೇ. ಆ ವರ್ಷ ಗೆದ್ದವಳೂ ಮಾದಿಯೇ. ಚಲುವಮ್ಮ ಮೂರನೆಯವಳು. ಆದರೆ ನಮ್ಮ ಚಾಪೆಯ ಮೇಲೆ ಆ ದಿನದಿಂದ ತೂತು ಗೋಣಿ ಎನ್ನುವ ಮಾತು ಬರಲಿಲ್ಲ.

ಆ ಸೋಮವಾರವೇ ನನಗೆ ಇನ್ನೊಂದು ಕುತೂಹಲ ಉಳಿದಿತ್ತು, ಹೆಸರು ಹೇಳಿದ್ದಕ್ಕೆ ಅವನು ಕೊನೆಗೆ ಏನಾದರೂ ಅಂದನಾ ಎಂದು. ಅವಳ ಹಾಗೆ ನೇರವಾಗಿ ಕೇಳುವ ಧೈರ್ಯ ನನಗಿಲ್ಲ. ಅವಳೇ ಬೀಜ ಹೆಕ್ಕುತ್ತ, ತಲೆ ಎತ್ತದೆ ಹೇಳಿದಳು.

“ನಿನ್ನೆ ದಾರೀಲಿ ಹಿಂದೆ ತಿರುಗಿ ನಿಂತರು ಅಕ್ಕಾ. ತಲೆ ಊದಿಕೊಂಡು ಇಷ್ಟಾಗಿತ್ತು. ಹೆಂಗೆ ಹೇಳಿದೆ, ಇನ್ನೊಂದು ಸಲ ಹೇಳು, ನಾನು ಕೇಳಿಲ್ಲವಲ್ಲ ಅಂದ್ರು.”

“ಹೇಳಿದೆಯಾ?”

“ಎಲ್ಲಿ ಹೇಳ್ತೀನಿ! ಮೊದಲು ಮನೆಗೆ ನಡೀರಿ, ತಲೆಗೆ ಅರಿಶಿನ ಹಚ್ಚಬೇಕು ಅಂದೆ. ದಾರಿ ಉದ್ದಕ್ಕೂ ಕೇಳ್ತಾನೇ ಬಂದ್ರು. ಒಂದು ವರ್ಷದಿಂದ ಅಷ್ಟು ಮಾತಾಡಿರಲಿಲ್ಲ.”