ಹನ್ನೊಂದು ಅಪಘಾತಗಳ ಸಣ್ಣ ಕಾರು

ನಿನ್ನೆ ಬೆಳಿಗ್ಗೆ ನೀರುದೋಸೆಗೆ ಕೈ ಹಾಕಿದ್ದೆನಷ್ಟೆ, ಫೋನು ಬಂತು. ವಿಮಾ ಕಂಪೆನಿಯ ಹುಡುಗಿ. ನನ್ನ ಸಣ್ಣ ಕಾರಿನ ಪಾಲಿಸಿ ಈ ತಿಂಗಳು ಮುಗಿಯುತ್ತದಂತೆ.

"ಸರ್, ಒಂದೇ ಪ್ರಶ್ನೆ. ಇದುವರೆಗೆ ನಿಮ್ಮಿಂದ ಏನಾದ್ರೂ ಆಕ್ಸಿಡೆಂಟ್ ಆದದ್ದುಂಟಾ? ಇಲ್ಲ ಅಂತಾದ್ರೆ ಪ್ರೀಮಿಯಂ ಕಮ್ಮಿ ಆಗ್ತದೆ."

ಇಲ್ಲ ಎಂದುಬಿಟ್ಟರೆ ಮುಗಿಯಿತು. ನಾಲಿಗೆ ಏಳಲಿಲ್ಲ. "ಹತ್ತು ನಿಮಿಷ ಬಿಟ್ಟು ಮಾಡಮ್ಮ" ಎಂದು ಫೋನು ಇಟ್ಟೆ. ಇಷ್ಟಕ್ಕೂ ಹತ್ತು ನಿಮಿಷವೇ ಎಂದು ನೀವು ನಗಬಹುದು. ನಗಿ. ಅದಕ್ಕೆ ಉತ್ತರ ಹೇಳಲು ನನಗೆ ಅರುವತ್ತು ವರ್ಷ ಸಾಲಲಿಲ್ಲ.

ಆಗಿನ್ನೂ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಬಂಟ್ವಾಳ ಪೇಟೆಯ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ ಮೇಜು, ಕುರ್ಚಿ, ರೆಕ್ಸಿನ್ ಚೀಲ ಇಟ್ಟುಕೊಂಡು ವಾಹನ ವಿಮೆಯ ಏಜೆಂಟನಾಗಿ ಕೂತಿದ್ದೆ. ಮಳೆಗಾಲದಲ್ಲಿ ನೇತ್ರಾವತಿ ಪೇಟೆಯೊಳಗೆ ಬಂದಾಗಲೆಲ್ಲ ಜವಳಿಯವರು ಸೀರೆಗಳನ್ನು ಹೊತ್ತು ನನ್ನ ಮಾಳಿಗೆಗೆ ಬರುತ್ತಿದ್ದರು, ನಾನು ಫಾರ್ಮುಗಳನ್ನು ಹೊತ್ತು ಇನ್ನೂ ಮೇಲಿನ ಅಟ್ಟಕ್ಕೆ ಹೋಗುತ್ತಿದ್ದೆ. ಫಾರ್ಮು ತುಂಬುವುದರಲ್ಲಿ ನನ್ನಂಥವರು ಜಿಲ್ಲೆಯಲ್ಲೇ ಇಲ್ಲ ಎಂಬ ಜಂಬ ಬೇರೆ. ಒಂದು ಕಾಲಮ್ಮೂ ಖಾಲಿ ಬಿಡುವವನಲ್ಲ!

ನನ್ನ ಗಿರಾಕಿಗಳಲ್ಲಿ ಮೂಡುಬಿದಿರೆಯ ಧರಣಪ್ಪಣ್ಣ ಒಬ್ಬರು. ಬಸದಿಯ ಬೀದಿಯ ಜೈನರು, ಸಾಕಷ್ಟು ಭತ್ತದ ಗದ್ದೆ ಇದ್ದವರು. ದೊಡ್ಡ ಕಾರು ಕೊಳ್ಳುವ ತಾಕತ್ತಿದ್ದರೂ ಅವರು ಕೊಂಡದ್ದು ಹಳೆಯ, ಪುಟ್ಟ ಕಾರು. ನಾಲ್ಕು ಜನ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪಾಲಿಸಿ ಮಾಡಿಸುವ ದಿನ ಅವರು ಕೇಳಿದ ಪ್ರಶ್ನೆಗೆ ನಾನು ತಬ್ಬಿಬ್ಬಾದೆ.

"ಅಲ್ಲ ಮಾರಾಯ, ಸಣ್ಣ ಕಾರು ಗುದ್ದಿದ್ರೆ ಒಳಗಿನವರು ಚಟ್ನಿ. ಅಪಾಯ ಜಾಸ್ತಿ. ಮತ್ತೆ ವಿಮೆಗೆ ಹಣ ಯಾಕೆ ಕಮ್ಮಿ?"

ನಾನು ತಿಳಿದಷ್ಟು ಹೇಳಿದೆ. ಈ ವಿಮೆ ಕಾರಿನ ಒಳಗಿನವರಿಗಲ್ಲ, ಹೊರಗಿನವರಿಗೆ. ಸಣ್ಣ ಕಾರು ಗುದ್ದಿದರೆ ಹೊರಗಿನವರಿಗೆ ಪೆಟ್ಟು ಕಮ್ಮಿ. ಅವರ ಮುಖ ಅರಳಿತು. "ಹಾಗಾದ್ರೆ ನಾನು ಕೊಂಡದ್ದು ಸರಿ. ಇದರ ಚಕ್ರವೂ ಸಪೂರ. ಅಡಿಗೆ ಬೀಳುವ ಜೀವ ಕಮ್ಮಿ" ಎಂದರು. ಕಾರನ್ನು ಹಾಗೆ ಅಳೆದವರನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ.

ಕಾರು ಕೊಂಡದ್ದು ಅವರ ಅಕ್ಕನಿಗಾಗಿ. ಪದ್ಮಕ್ಕ ವಿಧವೆ, ತಮ್ಮನ ಮನೆಯಲ್ಲೇ ಇದ್ದವರು. ಸಂಧಿವಾತದಿಂದ ಎರಡೂ ಕಾಲು ಗಂಟು ಕಟ್ಟಿದ್ದವು. ಪ್ರತಿ ಶನಿವಾರ ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬಂದು ಮದ್ದು ಕೊಡುವ ಪಂಡಿತರೊಬ್ಬರಲ್ಲಿ ಕಾಲಿಗೆ ಎಣ್ಣೆ ಹಾಕಿಸಿಕೊಂಡು ಹೋಗುತ್ತಿದ್ದರು. ಆರು ತಿಂಗಳಲ್ಲಿ ಗೋಡೆ ಹಿಡಿದು ಅಂಗಳಕ್ಕೆ ಇಳಿಯುವಷ್ಟಾದರು. ವಾಪಸು ಹೋಗುವಾಗ ಹೊಳೆ ಕಾಣುವಲ್ಲಿ ಕಾರು ನಿಲ್ಲಿಸಬೇಕು, ಅದು ಅವರ ಒಂದೇ ಹಟ. "ವಾರವಿಡೀ ಮಲಗಿ ಮಾಡಿನ ಜಂತಿ ನೋಡುವವಳಿಗೆ ಇಷ್ಟು ನೀರು ನೋಡಿದ್ರೆ ಎಂಥ ಸುಖ ಗೊತ್ತುಂಟಾ ನಿಂಗೆ?" ಎಂದು ಒಮ್ಮೆ ನನಗೇ ಹೇಳಿದ್ದರು.

ಧರಣಪ್ಪಣ್ಣ ಹೊತ್ತು ಮುಳುಗುವ ಮೊದಲು ಉಂಡು, ದೀಪದ ಮುಂದೆ ಕೂತು, ಆ ದಿನ ತನ್ನಿಂದ ಯಾವ ಯಾವ ಜೀವಕ್ಕೆ ನೋವಾಯಿತು ಎಂದು ನೆನೆದು ಕ್ಷಮೆ ಕೇಳುವವರು. ಅವರ ಮನೆತನದ ಪದ್ಧತಿ ಅದು. ಕಾರು ಬಂದ ಮೇಲೆ ಅದರ ಪಾಪವೂ ಸೇರಿತು. ಪಾಪ ಸೇರಿದ್ದು ದೊಡ್ಡದಲ್ಲ. ಅದನ್ನು ಕಂಪೆನಿಗೂ ತಿಳಿಸುವುದು ಧರ್ಮ ಎಂದು ಅವರಿಗೆ ತೋರಿತು. ನನಗೆ ಕಾಗದ ಬರತೊಡಗಿತು. "ಇಂದು ಸಿದ್ಧಕಟ್ಟೆಯ ಬಳಿ ಒಂದು ಕೋಳಿ ಸತ್ತಿತು. ಒಡತಿಯ ಕ್ಷಮೆ ಕೇಳಿದ್ದೇನೆ. ಪರಿಹಾರ ಬೇಡ, ತಿಳಿಸಲು ಮಾತ್ರ." ಇನ್ನೊಮ್ಮೆ, ಕರುವಿನ ಬಾಲಕ್ಕೆ ಬಂಪರು ತಾಗಿತು. ಮತ್ತೊಮ್ಮೆ, ಮಳೆಯಲ್ಲಿ ಕಪ್ಪೆಗಳು, ಎಷ್ಟೆಂದು ತಿಳಿಯದು.

ಹರಿದು ಬಿಸಾಡಿದ್ದರೆ ಮುಗಿಯುತ್ತಿತ್ತು. ನಾನು ಶಿಸ್ತಿನ ಮನುಷ್ಯನಲ್ಲವೇ? ಒಂದೊಂದು ಕಾಗದಕ್ಕೂ ಒಂದೊಂದು ಅಪಘಾತದ ಫಾರ್ಮು ತುಂಬಿ, ಇಂಗ್ಲಿಷಿನಲ್ಲಿ ಚಂದವಾಗಿ ಬರೆದು ಮಂಗಳೂರಿನ ಕಂಪೆನಿ ಆಫೀಸಿಗೆ ಕಳಿಸಿದೆ. ಬೇರೆ ಫಾರ್ಮು ಇರಲಿಲ್ಲ, ನೋಡಿ. ನನ್ನ ಅಕ್ಷರಕ್ಕೆ ಯಾರಾದರೂ ಶಹಬ್ಬಾಸ್ ಹೇಳಿಯಾರು ಎಂಬ ಆಸೆಯೂ ಇತ್ತು.

ಶಹಬ್ಬಾಸ್ ಬರಲಿಲ್ಲ. ಎರಡನೆಯ ವರ್ಷದ ಕೊನೆಗೆ ಬಂದದ್ದು ಒಂದು ಸಾಲಿನ ಕಾಗದ: ಈ ಕಾರಿಗೆ ಹನ್ನೊಂದು ಅಪಘಾತಗಳಾಗಿವೆ, ಇದು ಸುರಕ್ಷಿತವಲ್ಲ, ಹೆಚ್ಚು ಹಣಕ್ಕೂ ವಿಮೆ ಕೊಡಲಾಗದು.

ಅದೇ ವಾರ ಬೆಳ್ತಂಗಡಿಯ ನನ್ನ ಭಾವನಿಗೆ ಅದೇ ಕಂಪೆನಿಯಿಂದ ರಿಯಾಯಿತಿ ಬಂತು. ಭಾವನ ಕಾರಿನ ಒಂದು ಬಾಗಿಲಿಗೆ ತೆಂಗಿನ ಹಗ್ಗ ಕಟ್ಟಿತ್ತು. ಮೋರಿಗೆ, ಎತ್ತಿನ ಗಾಡಿಗೆ, ಸ್ವಂತ ಗೇಟಿಗೆ, ಹೀಗೆ ಅವನು ಗುದ್ದದ ವಸ್ತು ತಾಲೂಕಿನಲ್ಲಿ ಕಮ್ಮಿ. ಯಾವುದನ್ನೂ ತಿಳಿಸಿದವನಲ್ಲ. "ಬರೆದ್ರೆ ತಾನೇ ಮಾರಾಯ ಆಕ್ಸಿಡೆಂಟು!" ಎಂದು ಹೊಟ್ಟೆ ಕುಲುಕಿಸಿ ನಕ್ಕ. ನನ್ನ ತಲೆ ಕೆಟ್ಟು ಹೋಯಿತು. ಸುರಕ್ಷಿತ ಕಾರು ಯಾವುದು?

ವಿಮೆ ಇಲ್ಲದೆ ಕಾರು ರಸ್ತೆಗೆ ಇಳಿಯುವಂತಿಲ್ಲ. ಬೇರೆ ಕಂಪೆನಿಗೆ ಹೋಗುವ ಎಂದರೆ ಅವರ ಫಾರ್ಮಿನಲ್ಲೂ, ಮೊದಲು ಯಾರಾದರೂ ನಿರಾಕರಿಸಿದ್ದಾರೆಯೇ ಎಂಬ ಪ್ರಶ್ನೆ. ಧರಣಪ್ಪಣ್ಣ ಅದಕ್ಕೆ ಏನು ಉತ್ತರ ಬರೆಯುವವರು ಎಂದು ನಿಮಗೇ ಗೊತ್ತು. ನಾನು ಮಂಗಳೂರಿಗೆ ಓಡಿ ಗೋಗರೆದು ಒಂದು ದಾರಿ ಹಿಡಿದುಕೊಂಡು ಧರಣಪ್ಪಣ್ಣನ ಮನೆಗೆ ಬಂದೆ.

"ಅಣ್ಣ, ಇಲ್ಲಿ ಒಂದು ರುಜು ಹಾಕಿ ಸಾಕು. ಇವು ಯಾವುದೂ ಆದದ್ದಲ್ಲ, ತಪ್ಪಿ ಬರೆದದ್ದು ಅಂತ."

ಅವರು ಕಾಗದವನ್ನು ಎರಡು ಸಲ ಓದಿದರು. "ಕೋಳಿ ಸತ್ತದ್ದು ಹೌದಲ್ಲವಾ?"

"ಹೌದು. ಆದ್ರೆ ಅಕ್ಕನ ಕಾಲು..."

"ಅಕ್ಕನ ಕಾಲಿಗೋಸ್ಕರ ಸತ್ತ ಕೋಳಿಯನ್ನು ಸತ್ತಿಲ್ಲ ಅನ್ಲಿಕ್ಕೆ ಆಗ್ತದಾ?" ಎಂದರು. ಪೆನ್ನಿನ ಟೋಪಿ ಹಾಕಿ ನನಗೇ ಹಿಂದಿರುಗಿಸಿದರು. ಒಳಗಿನ ಕೋಣೆಯಲ್ಲಿ ಪದ್ಮಕ್ಕ ಮಲಗಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು.

ಕಾರಿನ ಚಕ್ರ ಕಳಚಿ, ಕೊಟ್ಟಿಗೆಯಲ್ಲಿ ಕಲ್ಲುಗಳ ಮೇಲೆ ಕೂರಿಸಿದರು. ಒಂದು ಶನಿವಾರ ಬಸ್ಸಿನಲ್ಲಿ ಪ್ರಯತ್ನಿಸಿದರಂತೆ. ಎತ್ತರದ ಮೆಟ್ಟಿಲು; ನಾಲ್ಕು ಜನ ಮೂಟೆಯ ಹಾಗೆ ಎತ್ತಿ ಹಾಕಬೇಕಾಯಿತು. ಪದ್ಮಕ್ಕ ನೋವಿಗಿಂತ ನಾಚಿಕೆಗೆ ಅತ್ತುಬಿಟ್ಟರು. ಮತ್ತೆ ಹೊರಡಲಿಲ್ಲ. ಪಂಡಿತರು ಕೊಟ್ಟ ಎಣ್ಣೆಯನ್ನು ಮನೆಯವರೇ ಹಾಕಿದರು. ಆ ಕೈಗುಣ ಇವರಿಗೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಲುಗಳು ಮಡಚಿದಂತೆಯೇ ನಿಂತುಬಿಟ್ಟವು.

ಜೈನರ ಪರ್ವ ಮುಗಿದು, ಒಬ್ಬರನ್ನೊಬ್ಬರು ಕಂಡು ಕ್ಷಮೆ ಕೇಳುವ ದಿನ ಧರಣಪ್ಪಣ್ಣ ನನ್ನನ್ನು ಕರೆಸಿದರು. ನಾನು ಕ್ಷಮೆ ಕೇಳಬೇಕೆಂದೇ ಹೋಗಿದ್ದೆ, ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡಿದ್ದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಆ ಹಿರಿಯರು ನನ್ನೆದುರು ಕೈ ಮುಗಿದು, "ನನ್ನಿಂದ ನಿನಗೆ ಮಂಗಳೂರಿಗೆ ಅಲೆದಾಟ ಆಯ್ತು, ಕ್ಷಮಿಸು" ಎಂದರು. ಅಲ್ಲಿಂದ ಅವರು ಒಳಗೆ ಹೋಗಿ ಅಕ್ಕನ ಪಾದ ಮುಟ್ಟಿ ಕ್ಷಮೆ ಕೇಳಿದರು, ನಾನು ಬಾಗಿಲಲ್ಲಿ ನಿಂತಿದ್ದೆ.

ಪದ್ಮಕ್ಕ ತಮ್ಮನ ತಲೆಯ ಮೇಲೆ ಕೈ ಇಟ್ಟರು. ನೋಡಿದ್ದು ಮಾತ್ರ ನನ್ನನ್ನು.

"ಕೋಳಿಗೆ ಒಂದು ಫಾರ್ಮು ತುಂಬಿದಿಯಂತೆ. ಕಪ್ಪೆಗೂ ತುಂಬಿದಿಯಂತೆ. ನನ್ನ ಕಾಲಿಗೆ ಯಾವ ಫಾರ್ಮು ಉಂಟು, ಮಗ?"

ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ ಕೇಳಿದ್ದು. ನಾನು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಅಂಗಳಕ್ಕೆ ಇಳಿದೆ. ಆಮೇಲೆ ಅವರು ಬದುಕಿದ ಏಳು ವರ್ಷವೂ ಜಂತಿ ನೋಡಿಕೊಂಡೇ ಇದ್ದರು. ತಪ್ಪು ಧರಣಪ್ಪಣ್ಣನ ಸತ್ಯದ್ದೋ, ಕಂಪೆನಿಯ ಲೆಕ್ಕದ್ದೋ, ನನ್ನ ಚಂದದ ಅಕ್ಷರದ್ದೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಭಾವನ ಕಾರು ಮಾತ್ರ ಹಗ್ಗ ಬದಲಾಯಿಸಿಕೊಂಡು ಬಹಳ ಕಾಲ ಓಡಿತು.

ಹತ್ತು ನಿಮಿಷಕ್ಕೆ ಸರಿಯಾಗಿ ಫೋನು ಮತ್ತೆ ಬಂತು.

"ಹೇಳಿ ಸರ್. ಆಕ್ಸಿಡೆಂಟ್ ಆದದ್ದುಂಟಾ?"

"ಉಂಟಮ್ಮ. ಒಂದು."

ಆ ಕಡೆ ಕಂಪ್ಯೂಟರಿನ ಮೇಲೆ ಬೆರಳು ಬಡಿಯುವ ಸದ್ದು ಕೇಳಿಸಿತು. "ಯಾರಿಗಾದ್ರೂ ಪೆಟ್ಟಾಗಿತ್ತಾ ಸರ್?"

"ಒಬ್ಬರು ಹೆಂಗಸಿಗೆ. ಎರಡೂ ಕಾಲು ಹೋಯ್ತು."

ಆ ಕಡೆ ಸದ್ದು ನಿಂತಿತು. "ಅಯ್ಯೋ. ಗಾಡಿ ಎಷ್ಟು ಸ್ಪೀಡಲ್ಲಿ ಇತ್ತು ಸರ್?"

"ಗಾಡಿ ಕೊಟ್ಟಿಗೆಯಲ್ಲಿತ್ತು" ಎಂದೆ.